ಮನೆಯ ಬಿ.ಪಿ. ಯಂತ್ರ: ಪರದೆಗಿಂತ ಪಟ್ಟಿ ಮುಖ್ಯ

ಮೇಲ್ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ತಾನಾಗಿ ಗಾಳಿ ತುಂಬಿಕೊಂಡು, ಒಂದು ನಿಮಿಷದೊಳಗೆ ಮೂರು ಸಂಖ್ಯೆಗಳನ್ನು (ಹೃದಯ ಹಿಂಡಿದಾಗಿನ ಮೇಲಿನ ಒತ್ತಡ, ಸಡಿಲಿದಾಗಿನ ಕೆಳಗಿನ ಒತ್ತಡ, ನಾಡಿಬಡಿತ) ತೋರಿಸುವ ಡಿಜಿಟಲ್ ಬಿ.ಪಿ. ಯಂತ್ರ ಈಗ ತಾಲ್ಲೂಕು ಕೇಂದ್ರಗಳ ಔಷಧ ಅಂಗಡಿಗಳಲ್ಲೂ ಸುಲಭವಾಗಿ ಸಿಗುತ್ತದೆ. ಸಾಮಾನ್ಯ ಮಾದರಿಗಳ ಬೆಲೆ ಸುಮಾರು 1,500ರಿಂದ 3,000 ರೂಪಾಯಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಅಂಥದೊಂದು ಯಂತ್ರ ಕೆಲವು ವರ್ಷಗಳಿಂದ ಬಳಕೆಯಲ್ಲಿದೆ. ಅಮ್ಮನಿಗೆ ರಕ್ತದೊತ್ತಡದ ಮಾತ್ರೆ ನಡೆಯುತ್ತಿದೆ, ವೈದ್ಯರ ಬಳಿಗೆ ಹೋಗಿಬರುವುದೆಂದರೆ ಅರ್ಧ ದಿನದ ಕೆಲಸ, ಹಾಗಾಗಿ ಕೊಂಡೆವು. ಮಾದರಿಗಳ ಹೆಸರು ಮತ್ತು ಅಂಕೆಗಳು ಮೇಲಿಂದ ಮೇಲೆ ಬದಲಾಗುತ್ತವೆಯಾದರೂ ಒಳಗಿನ ಕೆಲಸದ ಬಗೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಒಂದು ಕಂಪನಿಯ ಒಂದು ಮಾದರಿಯನ್ನು ಎತ್ತಿ ಹಿಡಿಯುವ ಬದಲು ಈ ಬಗೆಯ ಯಂತ್ರವನ್ನೇ ಇಲ್ಲಿ ತೂಗಿ ನೋಡಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಕೊಟ್ಟ ದುಡ್ಡಿಗೆ ಇದು ಮೋಸ ಮಾಡದ ವಸ್ತು. ಆದರೆ ಇದರ ಸಾಚಾತನ ನಿಂತಿರುವುದು ತೋಳಿಗೆ ಸುತ್ತುವ ಪಟ್ಟಿಯ ಮೇಲೆ ಮತ್ತು ನಾವು ಕೂರುವ ಭಂಗಿಯ ಮೇಲೆ. ಅಂಗಡಿಯಲ್ಲಿ ಎಲ್ಲರೂ ನೋಡುವುದು ಮಾತ್ರ ಪರದೆಯನ್ನು.

ಯಂತ್ರ ಏನನ್ನು ಅಳೆಯುತ್ತದೆ ಎಂಬುದು ಗೊತ್ತಿದ್ದರೆ ಅದರ ಮೇಲೆ ಎಷ್ಟು ನಂಬಿಕೆ ಇಡಬೇಕೆಂಬುದೂ ತಿಳಿಯುತ್ತದೆ. ತೋಳಿಗೆ ಪಟ್ಟಿ ಕಟ್ಟಿ ಪಾದರಸದ ಏರಿಕೆಯಿಂದ ಒತ್ತಡ ಅಳೆಯುವ ಕ್ರಮವನ್ನು ಇಟಲಿಯ ರಿವಾ ರೋಚಿ 1896ರಲ್ಲಿ ತೋರಿಸಿಕೊಟ್ಟರು. ಪಟ್ಟಿಯ ಗಾಳಿಯನ್ನು ನಿಧಾನವಾಗಿ ಇಳಿಸುವಾಗ ರಕ್ತನಾಳದ ಸದ್ದು ಎಲ್ಲಿ ಕೇಳಿಸತೊಡಗುತ್ತದೆ, ಎಲ್ಲಿ ಅಡಗುತ್ತದೆ ಎಂಬುದನ್ನು ಗುರುತಿಸಿ ಮೇಲಿನ ಮತ್ತು ಕೆಳಗಿನ ಸಂಖ್ಯೆಗಳನ್ನು ಹಿಡಿಯುವ ವಿಧಾನವನ್ನು 1905ರಲ್ಲಿ ರಷ್ಯಾದ ಶಸ್ತ್ರವೈದ್ಯ ಕೊರೊಟ್ಕಾಫ್ ವಿವರಿಸಿದರು. ಮನೆಯ ಯಂತ್ರ ಈ ಸದ್ದನ್ನು ಕೇಳಿಸಿಕೊಳ್ಳುವುದಿಲ್ಲ. ನಾಡಿ ಬಡಿದಂತೆ ಪಟ್ಟಿಯೊಳಗಿನ ಗಾಳಿ ಸಣ್ಣಗೆ ಕಂಪಿಸುತ್ತದೆ. ಆ ಕಂಪನ ಅತಿ ಹೆಚ್ಚಾಗಿರುವ ಹಂತವು ರಕ್ತನಾಳದ ಸರಾಸರಿ ಒತ್ತಡಕ್ಕೆ ಹತ್ತಿರವಿರುತ್ತದೆ. ಅದನ್ನು ಆಧಾರವಾಗಿಟ್ಟುಕೊಂಡು ಮೇಲಿನ ಮತ್ತು ಕೆಳಗಿನ ಸಂಖ್ಯೆಗಳನ್ನು ಯಂತ್ರವು ತನ್ನ ತಯಾರಕರು ಅಳವಡಿಸಿದ ಸೂತ್ರದ ಪ್ರಕಾರ ಲೆಕ್ಕ ಹಾಕುತ್ತದೆ. ಎರಡು ಕಂಪನಿಗಳ ಯಂತ್ರಗಳು ಒಂದೇ ತೋಳಿನಲ್ಲಿ ನಾಲ್ಕೈದು ಅಂಕಿ ವ್ಯತ್ಯಾಸ ತೋರಿಸುವುದಕ್ಕೆ ಇದೂ ಒಂದು ಕಾರಣ. ಅಳೆಯುವಾಗ ಕೈ ಅಲುಗಿದರೆ, ಮಾತಾಡಿದರೆ ಆ ಸಣ್ಣ ಕಂಪನದ ಜೊತೆ ಬೇರೆ ಕಂಪನ ಬೆರೆತು ಲೆಕ್ಕ ಕೆಡುತ್ತದೆ.

ಪಾದರಸದ ಉಪಕರಣವೇ ನಿಜವಾದದ್ದು, ಡಿಜಿಟಲ್ ಎಂದರೆ ಆಟಿಕೆ ಎಂಬ ಮಾತು ಹಿರಿಯರ ಬಾಯಲ್ಲಿ ಇಂದಿಗೂ ಇದೆ. ನುರಿತ ಕೈಯಲ್ಲಿ ಪಾದರಸದ ಉಪಕರಣ ಉತ್ತಮವಾದದ್ದೇ. ಆದರೆ ಪಾದರಸದ ವಿಷವನ್ನು ತಗ್ಗಿಸುವ ಮಿನಮಾಟ ಒಪ್ಪಂದಕ್ಕೆ ಭಾರತವೂ ಸೇರಿದ ಮೇಲೆ ಅದು ಆಸ್ಪತ್ರೆಗಳಿಂದಲೇ ಹಿಂದೆ ಸರಿಯುತ್ತಿದೆ. ಇನ್ನೊಂದು ಸೂಕ್ಷ್ಮವೂ ಇದೆ. ಕಣ್ಣು–ಕಿವಿಗಳಿಂದ ಅಳೆಯುವವರು ತಮಗರಿವಿಲ್ಲದೆ ಸಂಖ್ಯೆಯನ್ನು ಸೊನ್ನೆಗೆ ಸರಿಹೊಂದಿಸುತ್ತಾರೆ: 130/80, 140/90, ಮತ್ತೆ 130/80. ಹಳೆಯ ಚೀಟಿಗಳನ್ನು ತೆಗೆದು ನೋಡಿದರೆ ಯಾರಿಗೂ ಇದು ಕಾಣುತ್ತದೆ. ಯಂತ್ರಕ್ಕೆ ಅಂಥ ದಾಕ್ಷಿಣ್ಯವಿಲ್ಲ, 137/84 ಬಂದರೆ 137/84 ಎಂದೇ ತೋರಿಸುತ್ತದೆ.

ಇನ್ನು ಪಟ್ಟಿಯ ವಿಷಯ. ಹೆಚ್ಚಿನ ಯಂತ್ರಗಳ ಪೆಟ್ಟಿಗೆಯಲ್ಲಿ ಬರುವ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆಂದು ಮಾಡಿದ್ದು. 22ರಿಂದ 42ರವರೆಗೆ ಹೊಂದುವ ಪಟ್ಟಿಯೂ ಸಿಗುತ್ತದೆ. ನಾವು ಮೊದಲು ವಿಚಾರಿಸಿದ ಅಂಗಡಿಯಲ್ಲಿ ಪಟ್ಟಿಯ ಅಳತೆ ಎಷ್ಟೆಂದು ಕೇಳಿದ್ದಕ್ಕೆ "ಎಲ್ಲರಿಗೂ ಇದೇ ಆಗುತ್ತೆ" ಎಂಬ ಉತ್ತರ ಬಂತು. ಎಲ್ಲರಿಗೂ ಆಗುವುದಿಲ್ಲ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಸುತ್ತಿಕೊಳ್ಳಬೇಕೆಂಬುದು ವೈದ್ಯರು ಅನುಸರಿಸುವ ಲೆಕ್ಕ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಸಂಖ್ಯೆ ಇರುವುದಕ್ಕಿಂತ ಹೆಚ್ಚು ಬರುತ್ತದೆ, ಸಣಕಲು ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಕಡಿಮೆ ಬರುತ್ತದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಪಟ್ಟಿ ಕಟ್ಟಿ ಅಳೆದಾಗ ಮೇಲಿನ ಸಂಖ್ಯೆ ಸರಾಸರಿ 20ರಷ್ಟು ಹೆಚ್ಚು ಬಂದಿತ್ತು. ಅಷ್ಟು ವ್ಯತ್ಯಾಸವಾದರೆ ಆರೋಗ್ಯವಂತನೂ ರೋಗಿಯ ಪಟ್ಟಿಗೆ ಸೇರುತ್ತಾನೆ, ಬೇಡದ ಮಾತ್ರೆ ನುಂಗುತ್ತಾನೆ.

ಆದ್ದರಿಂದ ಅಂಗಡಿಗೆ ಹೊರಡುವ ಮೊದಲು ಬಟ್ಟೆ ಹೊಲಿಯುವವರ ಟೇಪಿನಿಂದ, ಭುಜಕ್ಕೂ ಮೊಣಕೈಗೂ ನಟ್ಟನಡುವೆ, ತೋಳಿನ ಸುತ್ತಳತೆಯನ್ನು ಅಳೆದು ಬರೆದುಕೊಂಡು ಹೋಗಬೇಕು. ಟೇಪು ಇಲ್ಲದವರು ದಾರ ಸುತ್ತಿ ಅದನ್ನು ಸ್ಕೇಲಿನ ಮೇಲೆ ಹಿಡಿದರೆ ಸಾಕು. ಮನೆಯಲ್ಲಿ ಯಂತ್ರ ಬಳಸುವ ಎಲ್ಲರ ಅಳತೆಯೂ ಬೇಕು. ನಮ್ಮಲ್ಲಿ ಅಮ್ಮನ ತೋಳಿಗೆ ಸರಿಹೋದ ಪಟ್ಟಿ ಚಿಕ್ಕಪ್ಪನ ತೋಳಿಗೆ ಬಿಗಿಯಾಗಿ, ಗಾಳಿ ತುಂಬುವಾಗಲೇ ಬಿಚ್ಚಿಕೊಳ್ಳುತ್ತಿತ್ತು. ಅವರಿಗೆಂದು ದೊಡ್ಡ ಪಟ್ಟಿಯನ್ನು ಬೇರೆಯಾಗಿ ತರಿಸಬೇಕಾಯಿತು. ಹಾಗೆ ತರಿಸುವಾಗ ಅದೇ ಕಂಪನಿಯ, ಅದೇ ಮಾದರಿಗೆ ಹೊಂದುವ ಪಟ್ಟಿಯನ್ನೇ ಕೇಳಿ ಪಡೆಯಬೇಕು, ಏಕೆಂದರೆ ಲೆಕ್ಕದ ಸೂತ್ರ ಆ ಪಟ್ಟಿಯನ್ನು ಗಮನದಲ್ಲಿಟ್ಟುಕೊಂಡೇ ರೂಪುಗೊಂಡಿರುತ್ತದೆ. ಕೊಳವೆಯ ತುದಿ ಹೊಂದುತ್ತದೆ ಎಂಬ ಕಾರಣಕ್ಕೆ ಸಿಕ್ಕಿದ ಪಟ್ಟಿಯನ್ನು ಜೋಡಿಸಿಕೊಳ್ಳುವುದು ತರವಲ್ಲ.

ಕಟ್ಟುವ ಕ್ರಮದಲ್ಲೂ ಗಮನಿಸಬೇಕಾದದ್ದಿದೆ. ಪಟ್ಟಿ ಬರಿಯ ತೋಳಿನ ಮೇಲಿರಬೇಕು; ಅದರ ಕೆಳಅಂಚು ಮೊಣಕೈ ಮಡಿಕೆಗಿಂತ ಎರಡು ಸೆಂಟಿಮೀಟರಿನಷ್ಟು ಮೇಲಿರಬೇಕು; ಕೊಳವೆ ತೋಳಿನ ಒಳಭಾಗದಲ್ಲಿ ಅಂಗೈ ಕಡೆಗೆ ಇಳಿದಿರಬೇಕು; ಪಟ್ಟಿಯಡಿ ಒಂದೆರಡು ಬೆರಳು ತೂರುವಷ್ಟು ಸಡಿಲವಿದ್ದರೆ ಸಾಕು. ಅಂಗಿಯ ತೋಳನ್ನು ಮೇಲಕ್ಕೆ ಮಡಿಚಿ ಬಿಗಿ ಮಾಡಿಕೊಂಡರೆ ಆ ಮಡಿಕೆಯೇ ರಕ್ತನಾಳವನ್ನು ಒತ್ತುತ್ತದೆ. ಹೆಂಗಸರಿಗೆ ಇದು ನಿಜವಾದ ತೊಡಕು: ರವಿಕೆಯ ತೋಳು ಬಿಗಿಯಾಗಿರುತ್ತದೆ, ಪಟ್ಟಿಗೆ ಜಾಗ ಸಾಲದು. ಬೆಳಿಗ್ಗೆ ಸೀರೆ ಉಡುವ ಮೊದಲು, ಸಡಿಲ ತೋಳಿನ ಉಡುಪಿನಲ್ಲಿರುವಾಗಲೇ ಅಳೆಯುವುದು ಅಮ್ಮ ತಾವೇ ಕಂಡುಕೊಂಡ ಪರಿಹಾರ. ಬಳಕೆಯ ಕೈಪಿಡಿಗಳಲ್ಲಿ ಈ ಮಾತು ನನಗೆ ಕಾಣಿಸಲಿಲ್ಲ. ಮೊದಲ ದಿನ ಎರಡೂ ತೋಳುಗಳಲ್ಲಿ ಅಳೆದು, ಯಾವುದರಲ್ಲಿ ಹೆಚ್ಚು ಬರುತ್ತದೋ ಆ ತೋಳನ್ನೇ ಮುಂದೆ ಖಾಯಂ ಮಾಡಿಕೊಳ್ಳಬೇಕು. ಎರಡರ ನಡುವೆ ಮತ್ತೆ ಮತ್ತೆ 10–15ಕ್ಕಿಂತ ಹೆಚ್ಚಿನ ಅಂತರ ಕಂಡರೆ ಅದನ್ನು ವೈದ್ಯರಿಗೆ ತಿಳಿಸಬೇಕು.

ಕೂರುವ ವಿಷಯದಲ್ಲಿ ನಮ್ಮ ಮನೆಗಳ ರೂಢಿಯೇ ಯಂತ್ರಕ್ಕೆ ಎದುರಾಳಿ. ಮಲೆನಾಡಿನಲ್ಲಿ ಬಂದವರು ಕೂರುವುದು ಜಗಲಿಯ ಮೇಲೆ. ಅಲ್ಲಿ ಬೆನ್ನಿಗೆ ಆಸರೆಯಿಲ್ಲ, ಕಾಲು ಜೋತಾಡುತ್ತಿರುತ್ತದೆ ಅಥವಾ ಚಕ್ಕಳಮಕ್ಕಳ ಹಾಕಿರುತ್ತದೆ, ಕೈ ತೊಡೆಯ ಮೇಲಿರುತ್ತದೆ. ಈ ಪ್ರತಿಯೊಂದೂ ಸಂಖ್ಯೆಯನ್ನು ಮೇಲಕ್ಕೆ ತಳ್ಳುವಂಥದ್ದು. 2024ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಿಂದಲೇ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಕೈಯನ್ನು ಮೇಜಿನ ಮೇಲಿಡುವ ಬದಲು ತೊಡೆಯ ಮೇಲಿಟ್ಟರೆ ಮೇಲಿನ ಸಂಖ್ಯೆ ಸುಮಾರು 4ರಷ್ಟೂ, ಪಕ್ಕಕ್ಕೆ ಇಳಿಬಿಟ್ಟರೆ 6.5ರಷ್ಟೂ ಹೆಚ್ಚು ಬರುತ್ತದೆ. ತೋಳು ಹೃದಯದ ಮಟ್ಟಕ್ಕಿಂತ ಕೆಳಗಿಳಿದಷ್ಟೂ ನೀರಿನ ಕಂಬದಂತೆ ರಕ್ತದ ಭಾರವೂ ಒತ್ತಡಕ್ಕೆ ಸೇರುತ್ತದೆ, ಕಾರಣ ಅಷ್ಟೇ. ಬೆನ್ನೊರಗು ಇರುವ ಕುರ್ಚಿ, ಪಕ್ಕದಲ್ಲೊಂದು ಮೇಜು, ಮೇಜು ತಗ್ಗಾಗಿದ್ದರೆ ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಕೈಯ ಕೆಳಗೆ ಮಡಿಸಿದ ಕಂಬಳಿ, ಎರಡೂ ಪಾದ ನೆಲದ ಮೇಲೆ: ಇಷ್ಟು ಏರ್ಪಾಡು ಮಾಡಿಕೊಂಡು ಐದು ನಿಮಿಷ ಸುಮ್ಮನೆ ಕೂತ ನಂತರವೇ ಗುಂಡಿ ಒತ್ತಬೇಕು. ಮೂತ್ರ ಕಟ್ಟಿಕೊಂಡು ಕೂರಬಾರದು. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ–ಸಿಗರೇಟು, ಶ್ರಮದ ಕೆಲಸ ಯಾವುದೂ ಇರಬಾರದು. ನಮ್ಮ ಕಡೆ ಈ ಪಟ್ಟಿಗೆ ಕವಳವನ್ನೂ (ಎಲೆ–ಅಡಿಕೆ) ಸೇರಿಸಬೇಕು. ಹೊಗೆಸೊಪ್ಪು ಹಾಕಿದ ಕವಳವನ್ನು ಬಾಯಲ್ಲಿಟ್ಟುಕೊಂಡೇ ಕೈ ಚಾಚುವ ಹಿರಿಯರಿದ್ದಾರೆ. ಹೊಗೆಸೊಪ್ಪಿನ ನಿಕೋಟಿನ್ ನಾಡಿಯನ್ನೂ ಒತ್ತಡವನ್ನೂ ಏರಿಸುತ್ತದೆ ಎಂದರೆ ಅವರು ನಂಬುವುದಿಲ್ಲ, ಕವಳ ಉಗುಳಿ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಅಳೆದು ತೋರಿಸಿದರೆ ನಂಬುತ್ತಾರೆ. ಅಳೆಯುವಾಗ ಮಾತು ಬೇಡ, ಮೊಬೈಲೂ ಬೇಡ. "ಎಷ್ಟು ಬಂತು?" ಎಂದು ಒಳಮನೆಯಿಂದ ಕೂಗುವವರನ್ನು ಸುಮ್ಮನಿರಿಸುವುದೇ ದೊಡ್ಡ ಕೆಲಸ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಲದ ಸಂಖ್ಯೆಗೆ ಹೆಚ್ಚಿನ ಅರ್ಥವಿಲ್ಲ. ರಕ್ತದೊತ್ತಡ ನಿಮಿಷ ನಿಮಿಷಕ್ಕೂ ಬದಲಾಗುವಂಥದ್ದು. ವೈದ್ಯರ ಭೇಟಿಗೆ ಮುಂಚಿನ ಏಳು ದಿನ, ಬೆಳಿಗ್ಗೆ ಮಾತ್ರೆ ಮತ್ತು ತಿಂಡಿಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆದು, ಮೊದಲ ದಿನದ ಸಂಖ್ಯೆಗಳನ್ನು ಕೈಬಿಟ್ಟು ಉಳಿದವುಗಳ ಸರಾಸರಿ ತೆಗೆಯುವುದು ಯೂರೋಪಿನ ತಜ್ಞ ಸಂಘಗಳು ಸೂಚಿಸುವ ಕ್ರಮ. ಆ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ. ಆಸ್ಪತ್ರೆಯಲ್ಲಿ ಅಳೆದದ್ದಕ್ಕೆ ಈ ಗಡಿ 140/90. ಮನೆಯಲ್ಲಿ ನಾವು ನಿರಾಳವಾಗಿರುವುದರಿಂದ ಇಲ್ಲಿಯ ಗಡಿ ಸ್ವಲ್ಪ ತಗ್ಗು. ಅಮೆರಿಕದ ಮಾರ್ಗಸೂಚಿ 2017ರಿಂದ 130/80ನ್ನೇ ಗಡಿಯಾಗಿ ಹಿಡಿದಿದೆ. ಯಾರಿಗೆ ಯಾವ ಗುರಿ ಎಂಬುದನ್ನು ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸ್ಥಿತಿ ಇವನ್ನೆಲ್ಲ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ನನ್ನ ದೃಷ್ಟಿಯಲ್ಲಿ ಯಂತ್ರದ ನಿಜವಾದ ಪ್ರಯೋಜನ ಇರುವುದು ಈ ಸರಾಸರಿಯಲ್ಲೇ. ವೈದ್ಯರ ಎದುರು ಕೂತ ಕೂಡಲೇ ಒತ್ತಡ ಏರುವವರಿದ್ದಾರೆ, ಇದನ್ನು ಬಿಳಿಕೋಟಿನ ಪರಿಣಾಮ ಎನ್ನುತ್ತಾರೆ. ಅಮ್ಮನದು ಅದೇ ಕಥೆ: ಆಸ್ಪತ್ರೆಯಲ್ಲಿ ಪ್ರತಿ ಸಲವೂ ಮೇಲಿನ ಸಂಖ್ಯೆ ಜಾಸ್ತಿ, ಮನೆಯಲ್ಲಿ ಅಳೆದದ್ದನ್ನು ಬರೆದಿಡುವ ಪುಸ್ತಕದಲ್ಲಿ ಹತೋಟಿಯಲ್ಲಿ. ಪುಸ್ತಕ ನೋಡಿದ ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸುವ ಯೋಚನೆಯನ್ನು ಕೈಬಿಟ್ಟರು. ಇದಕ್ಕೆ ತಿರುಗಾದ ಬಗೆಯೂ ಉಂಟು, ಅದು ಹೆಚ್ಚು ಅಪಾಯದ್ದು: ಆಸ್ಪತ್ರೆಯಲ್ಲಿ ಸರಿಯಿದ್ದು, ಮನೆಯಲ್ಲಿ, ಕೆಲಸದ ನಡುವೆ ಏರುವ ಮರೆಯ ರಕ್ತದೊತ್ತಡ. ಮನೆಯಲ್ಲಿ ಅಳೆಯದಿದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ದೇಶದಲ್ಲಿ 15 ವರ್ಷ ಮೀರಿದ ಗಂಡಸರಲ್ಲಿ ಶೇ. 24ರಷ್ಟು, ಹೆಂಗಸರಲ್ಲಿ ಶೇ. 21ರಷ್ಟು ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಅಥವಾ ಅದಕ್ಕೆ ಔಷಧ ನಡೆಯುತ್ತಿದೆ. ಇಷ್ಟು ಸಾಮಾನ್ಯವಾದ, ನೋವು–ಜ್ವರಗಳ ಸುಳಿವನ್ನೂ ಕೊಡದ ಕಾಯಿಲೆಗೆ ಮನೆಯಲ್ಲೊಂದು ಅಳತೆಗೋಲು ಇರುವುದು ಅತಿಯಲ್ಲ.

ಪುಸ್ತಕದಲ್ಲಿ ತಾರೀಖು, ಹೊತ್ತು, ಎರಡೂ ಸಲದ ಸಂಖ್ಯೆ, ನಾಡಿಬಡಿತ ಇಷ್ಟಿದ್ದರೆ ಸಾಕು. ಒಂದು ಷರತ್ತು: ಕಂಡದ್ದನ್ನೇ ಬರೆಯಬೇಕು. ಹೆಚ್ಚು ಬಂದದ್ದನ್ನು ಬಿಟ್ಟು, ಮನಸ್ಸಿಗೆ ಹಿತವಾದದ್ದು ಬರುವವರೆಗೆ ಅಳೆದು ಅದನ್ನು ಮಾತ್ರ ಬರೆದರೆ ವೈದ್ಯರಿಗೆ ಕೊಡುವ ಲೆಕ್ಕವೇ ಸುಳ್ಳಾಗುತ್ತದೆ. ಸಂಖ್ಯೆ ನೋಡಿ ತಾವಾಗಿಯೇ ಮಾತ್ರೆ ಬಿಡುವುದು, ಅರ್ಧ ಮಾಡುವುದು ಇನ್ನೊಂದು ಕೆಟ್ಟ ಅಭ್ಯಾಸ, 118 ಬಂದದ್ದು ಮಾತ್ರೆಯ ದೆಸೆಯಿಂದಲೇ ಎಂಬುದನ್ನು ಮರೆತು "ಬಿ.ಪಿ. ಹೋಯಿತು" ಎಂದುಕೊಳ್ಳುವವರು ಬಹಳ. ಹಬ್ಬದ ಊಟ, ಅದರೊಡನೆ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿದ ವಾರದಲ್ಲಿ ಸರಾಸರಿ ಮೇಲೇರಿದ್ದನ್ನು ಪುಸ್ತಕದಲ್ಲಿ ನೋಡಿದ ಮೇಲೆ ಅಮ್ಮ ಉಪ್ಪಿನಕಾಯಿಯ ಭರಣಿಯನ್ನು ಅಟ್ಟದ ಮೇಲಿಟ್ಟರು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ನಾನು ಹೇಳಿದಾಗ ಅಷ್ಟು ಪರಿಣಾಮವಾಗಿರಲಿಲ್ಲ.

180/120 ಮೀರಿದ ಸಂಖ್ಯೆ ಕಂಡರೆ ಏನು ಮಾಡಬೇಕೆಂಬುದು ಮನೆಯ ಎಲ್ಲರಿಗೂ ತಿಳಿದಿರಬೇಕು. ಎದೆನೋವು, ಉಸಿರಾಟದ ಕಷ್ಟ, ಮಾತಿನ ತೊದಲು, ಕೈಕಾಲಿನ ಬಲ ಕುಂದುವುದು, ದೃಷ್ಟಿ ಮಂಜಾಗುವುದು, ತಡೆಯಲಾಗದ ತಲೆನೋವು ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ಮತ್ತೆ ಅಳೆಯುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಅಂಥದ್ದೇನೂ ಇಲ್ಲದಿದ್ದರೆ ಐದು ನಿಮಿಷ ಸುಮ್ಮನೆ ಕೂತು ಮತ್ತೊಮ್ಮೆ ಅಳೆದು, ಆಗಲೂ ಅಷ್ಟೇ ಇದ್ದರೆ ತಡಮಾಡದೆ ವೈದ್ಯರನ್ನು ಸಂಪರ್ಕಿಸಬೇಕು.

ಯಂತ್ರದ ಇತರ ಸೌಲಭ್ಯಗಳ ಬಗ್ಗೆ ನನಗೆ ಹೆಚ್ಚಿನ ಉತ್ಸಾಹವಿಲ್ಲ. ಹಿಂದಿನ ಸಂಖ್ಯೆಗಳನ್ನು ನೆನಪಿಡುವ ವ್ಯವಸ್ಥೆ ಉಪಯುಕ್ತ. ಇಬ್ಬರು ಬಳಸುವ ಮನೆಯಲ್ಲಿ ಇಬ್ಬರದೂ ಬೇರೆ ಬೇರೆಯಾಗಿ ಉಳಿಯುವಂತಿದ್ದರೆ ಇನ್ನೂ ಒಳ್ಳೆಯದು. ಮೊಬೈಲಿಗೆ ಬ್ಲೂಟೂತ್ ಮೂಲಕ ಕಳಿಸುವ ಸೌಲಭ್ಯಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ, ದೂರದ ಊರಿನಲ್ಲಿರುವ ಮಕ್ಕಳು ನೋಡಬೇಕೆಂದಿದ್ದರೆ ಆ ಮಾತು ಬೇರೆ. ಹಸಿರು–ಹಳದಿ–ಕೆಂಪು ಪಟ್ಟಿ ತೋರಿಸುವ ಪರದೆ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ. ಬಡಿತದ ಏರುಪೇರನ್ನು ಸೂಚಿಸುವ ಹೃದಯದ ಚಿಹ್ನೆ ಕೈ ಅಲುಗಿದರೂ ಕಾಣಿಸಿಕೊಳ್ಳಬಹುದು, ಆದರೆ ಮತ್ತೆ ಮತ್ತೆ ಬಂದರೆ ಇಸಿಜಿ ಮಾಡಿಸುವುದು ಒಳ್ಳೆಯದು. ಮಣಿಕಟ್ಟಿಗೆ ಕಟ್ಟುವ ಯಂತ್ರ ನೋಡಲು ಚೊಕ್ಕ. ಕೈಯನ್ನು ಹೃದಯದ ಮಟ್ಟದಲ್ಲಿ ಹಿಡಿಯದಿದ್ದರೆ ತಪ್ಪು ತೋರಿಸುತ್ತದೆ. ಪಟ್ಟಿಯೇ ಇಲ್ಲದೆ ಒತ್ತಡ ಹೇಳುವ ಕೈಗಡಿಯಾರಗಳನ್ನು ನಂಬಿ ಚಿಕಿತ್ಸೆ ನಿರ್ಧರಿಸುವಂತಿಲ್ಲ.

ಕೊಳ್ಳುವಾಗ ಖಚಿತಪಡಿಸಿಕೊಳ್ಳಬೇಕಾದ ಒಂದು ಸಂಗತಿ ಪರದೆಯ ಮೇಲೂ ಇರುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ. ಮಾದರಿಯನ್ನು ಮನುಷ್ಯರ ಮೇಲೆ ಸ್ವತಂತ್ರವಾಗಿ ಪರೀಕ್ಷಿಸಿ ನಿಖರತೆಯನ್ನು ಒಪ್ಪಲಾಗಿದೆಯೇ ಎಂಬುದು. ಇದಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 81060-2. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾದರಿಗಳ ಪಟ್ಟಿಯನ್ನು 'ಸ್ಟ್ರೈಡ್ ಬಿ.ಪಿ.' ಎಂಬ ತಜ್ಞರ ಸಂಸ್ಥೆ ಅಂತರಜಾಲದಲ್ಲಿ ಇಟ್ಟಿದೆ. ಕಂಪನಿಯ ಹೆಸರು ಮಾತ್ರ ಸಾಲದು, ಪೆಟ್ಟಿಗೆಯ ಮೇಲಿನ ಪೂರ್ತಿ ಮಾದರಿ ಸಂಖ್ಯೆಯನ್ನು ಹೋಲಿಸಿ ನೋಡಬೇಕು. ಬಸುರಿಯರಿಗೆ, ಹೃದಯಬಡಿತದ ಲಯ ತಪ್ಪಿರುವವರಿಗೆ ಈ ಬಗೆಯ ಎಲ್ಲ ಯಂತ್ರವೂ ಸರಿಹೋಗುವುದಿಲ್ಲವಾದ್ದರಿಂದ ಅವರು ವೈದ್ಯರನ್ನು ಕೇಳಿಯೇ ಕೊಳ್ಳುವುದು ಲೇಸು.

ಮಳೆಗಾಲದ ಊರುಗಳಲ್ಲಿ ಯಂತ್ರದ ಆಯಸ್ಸು ನಾವು ಅದನ್ನು ಇಡುವ ಜಾಗವನ್ನು ಅವಲಂಬಿಸಿದೆ. ಕರೆಂಟು ದಿನಗಟ್ಟಲೆ ಇಲ್ಲದ ಕಡೆ ಅಡಾಪ್ಟರ್ ಕೆಲಸಕ್ಕೆ ಬರುವುದಿಲ್ಲ, ಸಾಮಾನ್ಯ ಪೆನ್ಸಿಲ್ ಸೆಲ್ ಹಾಕುವ ಮಾದರಿಯೇ ಅನುಕೂಲ. ತಿಂಗಳುಗಟ್ಟಲೆ ಬಳಸದಿರುವಾಗ ಸೆಲ್ಲುಗಳನ್ನು ತೆಗೆದಿಡದಿದ್ದರೆ ಅವು ಸೋರಿ ಒಳಗಿನ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. ಪಟ್ಟಿಯ ಅಂಟುಬಟ್ಟೆಗೆ ನೂಲು, ಕೂದಲು ಸಿಕ್ಕಿಕೊಂಡರೆ ಹಿಡಿತ ಸಡಿಲವಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬಹುದು. ವರ್ಷಕ್ಕೊಮ್ಮೆಯಾದರೂ ಯಂತ್ರವನ್ನು ವೈದ್ಯರ ಬಳಿ ಒಯ್ದು, ಅವರ ಉಪಕರಣದೊಡನೆ ಒಂದರ ಹಿಂದೊಂದು ಅಳೆದು ತಾಳೆ ನೋಡಬೇಕು. ರಿಪೇರಿಯ ವಿಷಯದಲ್ಲಿ ಮಾತ್ರ ನನಗೆ ಅಸಮಾಧಾನವಿದೆ: ವಾರಂಟಿ ಕಾಗದದಲ್ಲಿ ಇರುವಷ್ಟು ಸುಲಭವಾಗಿ ಊರಿನಲ್ಲಿ ಸಿಗುವುದಿಲ್ಲ, ಸರ್ವಿಸ್ ಸೆಂಟರಿಗೆ ಕೊರಿಯರ್ ಮಾಡಿ ವಾರಗಟ್ಟಲೆ ಕಾಯಬೇಕು. ಬಿಲ್ಲನ್ನು ಜೋಪಾನವಾಗಿಡುವುದರ ಜೊತೆಗೆ, ಕೊಳ್ಳುವಾಗಲೇ ಸರ್ವಿಸ್ ಎಲ್ಲಿ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಎಲ್ಲರೂ ಇದನ್ನು ಕೊಳ್ಳಬೇಕೆಂದು ನಾನು ಹೇಳಲಾರೆ. ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ಅಂಚಿನ ಸಂಖ್ಯೆ ಬರುತ್ತಿದೆ ಎಂದು ವೈದ್ಯರು ಎಚ್ಚರಿಸಿದವರಿಗೆ ಇದು ಬೇಕಾದ ವಸ್ತು. ಗಂಟೆಗೊಮ್ಮೆ ಅಳೆದು, ಬಂದ ಸಂಖ್ಯೆಗೆ ಹೆದರಿ, ಆ ಹೆದರಿಕೆಯಿಂದಲೇ ಏರಿದ್ದನ್ನು ನೋಡಿ ಮತ್ತಷ್ಟು ಹೆದರುವ ಸ್ವಭಾವದವರ ಮನೆಯಲ್ಲಿ ಯಂತ್ರ ಬೇರೆಯವರ ಕೈಯಲ್ಲಿರುವುದು ಕ್ಷೇಮ. ಯಾವ ತೊಂದರೆಯೂ ಇಲ್ಲದ, ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ಪಟ್ಟಣದ 'ನಮ್ಮ ಕ್ಲಿನಿಕ್'ನಲ್ಲಿಯೋ ಉಚಿತವಾಗಿ ತೋರಿಸಿಕೊಂಡರೆ ಸದ್ಯಕ್ಕೆ ಸಾಕು. 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ 'ಗೃಹ ಆರೋಗ್ಯ' ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸುತ್ತಾರೆ. ಅವರು ಬಂದಾಗ ಜಗಲಿಯ ಮೇಲೆ ಕೈ ಚಾಚುವ ಬದಲು ಒಳಗಿನಿಂದ ಬೆನ್ನೊರಗಿನ ಕುರ್ಚಿಯೊಂದನ್ನು ತಂದಿಟ್ಟರೆ ಅವರ ಅಳತೆಯೂ ಸರಿಯಾಗಿ ಬರುತ್ತದೆ.